ರನ್‌ಫ್ಲಾಟ್ ಬಿಟ್ಟು ಸಾಮಾನ್ಯ ಟೈರ್: ಶಿರಸಿ ದಾರಿಯಲ್ಲಿ ನನ್ನ ಅನುಭವ

ನನ್ನ ಜರ್ಮನ್ ಸೆಡಾನ್ ಕಾರಿಗೆ ಮೊದಲಿನಿಂದಲೂ ಇದ್ದದ್ದು ರನ್‌ಫ್ಲಾಟ್ ಟೈರುಗಳು. ಅವು ಸವೆದಾಗ ಮತ್ತೆ ಅವನ್ನೇ ಹಾಕಿಸಬೇಕೇ, ಸಾಮಾನ್ಯ ಟ್ಯೂಬ್‌ಲೆಸ್ ಹಾಕಿಸಬೇಕೇ ಎಂಬುದನ್ನು ನಾನು ಬೆಲೆಗಿಂತ ಹೆಚ್ಚಾಗಿ ನನ್ನ ದಾರಿಯನ್ನು ನೋಡಿ ನಿರ್ಧರಿಸಿದೆ.

ರನ್‌ಫ್ಲಾಟ್ ಟೈರಿನ ಪಕ್ಕದ ಗೋಡೆಗೆ ದಪ್ಪ ರಬ್ಬರಿನ ಬಲವಿರುವುದರಿಂದ, ಗಾಳಿ ಪೂರ್ತಿ ಹೋದರೂ ಅದು ಕಾರಿನ ಭಾರ ಹೊತ್ತು, ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸಾಮಾನ್ಯವಾಗಿ 80 ಕಿ.ಮೀ.ವರೆಗೆ ಓಡುತ್ತದೆ. ಬೆಂಗಳೂರಿನಿಂದ ಶಿರಸಿಯ ನಮ್ಮೂರಿಗೆ ಸುಮಾರು 400 ಕಿ.ಮೀ.; ಹಾವೇರಿಯ ಬಳಿ ಪಂಕ್ಚರ್ ಆದರೆ ಈ ಟೈರು ನನ್ನನ್ನು ಶಿರಸಿಯವರೆಗೆ ಮುಟ್ಟಿಸಬಹುದು, ಆದರೆ ಅಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ 225/50 ಆರ್17 ಅಳತೆಯ ರನ್‌ಫ್ಲಾಟ್ ದಾಸ್ತಾನಿರಲಿಲ್ಲ, ತರಿಸಿಕೊಡುತ್ತೇವೆ ಎಂದರು. ಹುಬ್ಬಳ್ಳಿ ಅಲ್ಲಿಂದ ಇನ್ನೂ 100 ಕಿ.ಮೀ. ದೂರವಿದೆ. ಗಾಳಿಯಿಲ್ಲದೆ ಓಡಿದ ರನ್‌ಫ್ಲಾಟಿನ ಒಳಗೋಡೆ ಎಷ್ಟು ಬಿಸಿಯಾಗಿ ಹಾಳಾಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ, ಅದಕ್ಕೆ ತೇಪೆ ಹಾಕಿಸಿಕೊಂಡು ಹೆದ್ದಾರಿಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ನಮ್ಮ ರಸ್ತೆಗಳ ಗುಂಡಿಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಂಬರು ಕಿತ್ತು ಗುಂಡಿಯ ಅಂಚು ಚೂಪಾಗಿರುತ್ತದೆ. ಅಲ್ಲಿಗೆ ಬಡಿದಾಗ ರನ್‌ಫ್ಲಾಟಿನ ಗಟ್ಟಿ ಗೋಡೆ ಹೆಚ್ಚು ಬಾಗದೆ, ಏಟನ್ನು ರಿಮ್ಮಿಗೂ ಸಸ್ಪೆನ್ಷನ್‌ಗೂ ದಾಟಿಸುತ್ತದೆ. ಗೋಡೆಯೇ ಸೀಳಿದರೆ ಅದರ ವಿಶೇಷ ಗುಣವೂ ಉಳಿಯುವುದಿಲ್ಲ.

ಹಾಗೆಂದು ಎಲ್ಲರಿಗೂ ಇದೇ ಸಲಹೆ ಕೊಡಲಾರೆ. ನನ್ನ ತಂಗಿ ರಾತ್ರಿ ಪಾಳಿ ಮುಗಿಸಿ ಹೊರವರ್ತುಲ ರಸ್ತೆಯಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತಾಳೆ. ವೇಗದ ವಾಹನಗಳ ನಡುವೆ ಇಳಿದು ಜಾಕ್ ಹಾಕುವುದಕ್ಕಿಂತ ನೇರವಾಗಿ ಮನೆ ಸೇರುವುದು ಅವಳಿಗೆ ಮುಖ್ಯವಾದ್ದರಿಂದ, ರನ್‌ಫ್ಲಾಟ್ ಬಿಡಬೇಡ ಎಂದೇ ಹೇಳಿದ್ದೇನೆ.

ನಾನು ನಾಲ್ಕೂ ಟೈರುಗಳನ್ನು ಒಟ್ಟಿಗೇ ಬದಲಿಸಿದೆ. ಅಳತೆ, ಭಾರದ ಸೂಚ್ಯಂಕ (ಟೈರು ಎಷ್ಟು ಭಾರ ಹೊರಬಲ್ಲದೆಂಬ ಸಂಖ್ಯೆ), ವೇಗದ ಅಕ್ಷರ (ಎಷ್ಟು ವೇಗ ತಡೆಯಬಲ್ಲದೆಂಬ ಗುರುತು) ಮೂರೂ ಕಂಪನಿ ಹೇಳಿದಂತೆಯೇ ಇರುವುದನ್ನೂ, ಗೋಡೆಯ ಮೇಲಿನ ನಾಲ್ಕು ಅಂಕಿಗಳ ತಯಾರಿಕೆಯ ವಾರ ಮತ್ತು ವರ್ಷವನ್ನೂ ನೋಡಿಯೇ ಹಣ ಕೊಟ್ಟೆ. ಗಾಳಿ ಒತ್ತಡ ಸರಿಮಾಡಿ, ಗಾಳಿ ಇಳಿದರೆ ಎಚ್ಚರಿಸುವ ಕಾರಿನ ಒತ್ತಡ ಸೂಚಕವನ್ನು ಹೊಸದಾಗಿ ಹೊಂದಿಸಿಕೊಂಡೆ. ಸವಾರಿ ಗಮನಾರ್ಹವಾಗಿ ಮೃದುವಾಯಿತು.

ಆದರೆ ಪಂಕ್ಚರ್ ಆದರೆ ಇನ್ನು ಎಲ್ಲವೂ ನನ್ನ ಹೊಣೆ. ಟ್ಯೂಬ್‌ಲೆಸ್ ಟೈರು, ಒತ್ತಡ ಸೂಚಕ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಮೋಟಾರು ವಾಹನ ನಿಯಮ ಬದಲಾಯಿತಾದರೂ, ಕಿಟ್ಟಿನ ದ್ರಾವಣ ಸೀಳಿದ ಗೋಡೆಯನ್ನು ಮುಚ್ಚಲಾರದು. ಹೀಗಾಗಿ ಡಿಕ್ಕಿಯಲ್ಲಿ ಚಕ್ರ ಇಡುವ ಗುಂಡಿಯಿಲ್ಲದಿದ್ದರೂ ಸಣ್ಣ ಸ್ಟೆಪ್ನಿಯೊಂದನ್ನು ಬೆಲ್ಟಿನಿಂದ ಬಿಗಿದಿಟ್ಟಿದ್ದೇನೆ. ಜಾಕ್, ಸ್ಪ್ಯಾನರ್, ವೀಲ್ ಲಾಕಿನ ಕೀಲಿ, 12 ವೋಲ್ಟಿನ ಗಾಳಿ ಪಂಪು, ಟಾರ್ಚು ಮತ್ತು ಕೆಂಪು ತ್ರಿಕೋನ ಅದರ ಜೊತೆಗಿವೆ.

ಮೊಳೆ ಚುಚ್ಚಿರುವುದು ನೆಲಕ್ಕೆ ತಾಗುವ ಭಾಗದಲ್ಲಾದರೆ ಸ್ಟೆಪ್ನಿಯೂ ಬೇಕಾಗುವುದಿಲ್ಲ. ಇಕ್ಕುಳದಿಂದ ಮೊಳೆಯನ್ನು ಹೊಕ್ಕ ಕೋನದಲ್ಲೇ ಎಳೆದು, ಅದೇ ಕೋನದಲ್ಲಿ ಅರದ ಸೂಜಿಯನ್ನು ಹಿಂದೆಮುಂದೆ ಆಡಿಸಿ ತೂತನ್ನು ಒರಟು ಮಾಡುತ್ತೇನೆ. ಸೊಲ್ಯೂಷನ್ ಸವರಿದ ಅಂಟಿನ ಎಳೆಯನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಎರಡು ತುದಿಗಳು ಹೊರಗುಳಿಯುವಂತೆ ಒತ್ತಿ ತಳ್ಳಿ, ಸೂಜಿಯನ್ನು ಮಾತ್ರ ಥಟ್ಟನೆ ಎಳೆದುಕೊಳ್ಳುತ್ತೇನೆ. ಗಾಳಿ ತುಂಬಿ, ಸೋಪಿನ ನೀರು ಬಿಟ್ಟು ಗುಳ್ಳೆ ಏಳದಿರುವುದನ್ನು ನೋಡಿಕೊಂಡು, ಹೊರಗುಳಿದ ಎಳೆಯ ತುದಿಗಳನ್ನು ಬ್ಲೇಡಿನಿಂದ ಕತ್ತರಿಸುತ್ತೇನೆ. ಮುಂದಿನ ಊರಿನಲ್ಲಿ ಒತ್ತಡವನ್ನು ಮತ್ತೊಮ್ಮೆ ಅಳೆದು, ನಂತರ ಟೈರು ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸುತ್ತೇನೆ.