ಎಫ್‌ಸಿಗೆ ಮುನ್ನ: ಯಂತ್ರದ ಪರೀಕ್ಷೆಗೆ ಕೊಡಗಿನ ವಾಹನವನ್ನು ಸಿದ್ಧಪಡಿಸುವುದು ಹೇಗೆ?

ಎಫ್‌ಸಿಯ, ಅಂದರೆ ವಾಹನ ಓಡಲು ಯೋಗ್ಯವೆಂಬ ಅರ್ಹತಾ ಪತ್ರದ ಪರೀಕ್ಷೆಯ, ದಿನ ಹತ್ತಿರ ಬಂತೆಂದರೆ ಸುಂಟಿಕೊಪ್ಪದಿಂದ ಗೋಣಿಕೊಪ್ಪದವರೆಗಿನ ಗ್ಯಾರೇಜುಗಳಲ್ಲಿ ಇಷ್ಟು ವರ್ಷ ನಡೆಯುತ್ತಿದ್ದ ಕೆಲಸ ಬಹುಮಟ್ಟಿಗೆ ಒಂದೇ ಬಗೆಯದು. ವಾಹನದ ಹೊರಮೈಗೆ ಟಿಂಕರಿಂಗ್, ಅದರ ಮೇಲೊಂದು ಕೋಟ್ ಪೇಂಟ್, ಹೊಸ ರಿಫ್ಲೆಕ್ಟರ್ ಟೇಪ್, ಉರಿಯದ ದೀಪಕ್ಕೆ ಬಲ್ಬ್, ವೈಪರ್‌ಗೆ ರಬ್ಬರ್. ಬ್ರೇಕ್ ಇನ್‌ಸ್ಪೆಕ್ಟರ್ ಸುತ್ತ ನಡೆದು ನೋಡುತ್ತಾರೆ, ತುಸು ದೂರ ಓಡಿಸಿ ಬ್ರೇಕ್ ಒತ್ತಿಸುತ್ತಾರೆ. ಆದ್ದರಿಂದ ಕಣ್ಣಿಗೆ ಬೀಳುವುದನ್ನು ಮೊದಲು ಸರಿಪಡಿಸಬೇಕು ಎಂಬುದು ಮಾಲೀಕರ ಲೆಕ್ಕವೂ ಆಗಿತ್ತು, ಮೆಕ್ಯಾನಿಕ್‌ಗಳ ಲೆಕ್ಕವೂ ಆಗಿತ್ತು. ಈಗ ನಿಯಮ ಕಣ್ಣಿನ ತಪಾಸಣೆಯಿಂದ ಯಂತ್ರದ ಪರೀಕ್ಷೆಯ ಕಡೆಗೆ ಹೋಗುತ್ತಿರುವುದರಿಂದ ಈ ಲೆಕ್ಕ ತಲೆಕೆಳಗಾಗಿದೆ. ಯಂತ್ರಕ್ಕೆ ಪೇಂಟ್ ಕಾಣುವುದಿಲ್ಲ. ಎಡಗಾಲಿಯ ಬ್ರೇಕಿಗೂ ಬಲಗಾಲಿಯ ಬ್ರೇಕಿಗೂ ಇರುವ ವ್ಯತ್ಯಾಸ ಕಾಣುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಸೆಪ್ಟೆಂಬರಿನಲ್ಲಿ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮಗಳನ್ನು ಹೊರಡಿಸಿ, 2022ರ ಏಪ್ರಿಲಿನಲ್ಲಿ ಸಾರಿಗೆ ವಾಹನಗಳ ಅರ್ಹತಾ ಪರೀಕ್ಷೆ ಇಂಥ ಕೇಂದ್ರಗಳಲ್ಲೇ ನಡೆಯಬೇಕೆಂದು ವಿಧಿಸಿತು. ಭಾರೀ ವಾಹನಗಳಿಗೆ 2023ರ ಏಪ್ರಿಲ್ 1 ಎಂದು ಗೊತ್ತುಪಡಿಸಿದ್ದ ದಿನಾಂಕ ಆಮೇಲೆ 2024ರ ಅಕ್ಟೋಬರ್ 1ಕ್ಕೆ ಮುಂದೆ ಹೋಯಿತು. ಎಷ್ಟು ಕಾಲಕ್ಕೊಮ್ಮೆ ಪರೀಕ್ಷೆ ಎಂಬ ವಿಷಯ ಅದಕ್ಕೂ ಮೊದಲೇ ಬದಲಾಗಿತ್ತು: 2018ರ ನವೆಂಬರಿನ ತಿದ್ದುಪಡಿಯ ಪ್ರಕಾರ ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ. ಸ್ವಂತ ಬಳಕೆಯ ಕಾರು, ಜೀಪು, ಬೈಕುಗಳಿಗೆ ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣದೊಂದಿಗೆ ಪರೀಕ್ಷೆ, ಆಮೇಲೆ ಐದೈದು ವರ್ಷಕ್ಕೊಮ್ಮೆ.

ಮೊದಲ ಹೆಜ್ಜೆ ಗ್ಯಾರೇಜಿನದಲ್ಲ, ಕ್ಯಾಲೆಂಡರಿನದು. ಅರ್ಹತಾ ಪತ್ರದ ಅವಧಿ ಮುಗಿಯುವ ದಿನವನ್ನು ನೋಡಿಕೊಂಡು, ಕನಿಷ್ಠ ಒಂದೂವರೆ ತಿಂಗಳು ಮೊದಲೇ ವಾಹನವನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. ಅವಧಿ ಮೀರಿದ ಸಾರಿಗೆ ವಾಹನಕ್ಕೆ ದಿನಕ್ಕೆ 50 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ ಎಂಬುದು ಚಿಕ್ಕ ಮಾತು; ಮೋಟಾರು ವಾಹನ ಕಾಯಿದೆಯ 56ನೇ ಕಲಮಿನ ಪ್ರಕಾರ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನದ ನೋಂದಣಿಯನ್ನೇ ಊರ್ಜಿತವೆಂದು ಪರಿಗಣಿಸಲಾಗದು ಎಂಬುದು ದೊಡ್ಡ ಮಾತು, ಏಕೆಂದರೆ ಅಪಘಾತವಾದಾಗ ವಿಮೆಯ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಕೊಡಗಿನಲ್ಲಿ ದಿನಾಂಕದ ಲೆಕ್ಕ ಇನ್ನೊಂದು ಕಾರಣಕ್ಕೂ ಮುಖ್ಯ. ಎಫ್‌ಸಿ ಆಗಸ್ಟಿನಲ್ಲಿ ಬಂದರೆ ಮಳೆಯಲ್ಲಿ ವೆಲ್ಡಿಂಗ್ ಕೆಲಸವೂ ಪೇಂಟೂ ಸರಿಯಾಗಿ ಕೂರುವುದಿಲ್ಲ. ಡಿಸೆಂಬರಿನಲ್ಲಿ ಬಂದರೆ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಪಿಕಪ್‌ಗೆ ಒಂದು ದಿನದ ಬಿಡುವೂ ಸಿಗುವುದಿಲ್ಲ. ಆದ್ದರಿಂದ ಅಡಿಭಾಗದ ದೊಡ್ಡ ಕೆಲಸಗಳನ್ನು ಏಪ್ರಿಲ್‌–ಮೇ ತಿಂಗಳಲ್ಲೇ ಮುಗಿಸಿಡುವುದು ಜಾಣತನ.

ಎರಡನೆಯ ಹೆಜ್ಜೆ ಕಾಗದಪತ್ರ. ವಿಮೆ, ರಸ್ತೆ ತೆರಿಗೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಪರ್ಮಿಟ್, ಬಾಕಿ ದಂಡ, ಅತಿ ಸುರಕ್ಷಿತ ನೋಂದಣಿ ಫಲಕ ಇವನ್ನೆಲ್ಲ ನೋಡಿಕೊಂಡು ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಪರೀಕ್ಷೆಯ ದಿನವನ್ನು ಪಡೆಯಬೇಕು. ಪರೀಕ್ಷೆಗೆ ಹೋಗಬೇಕಾದ ಸ್ಥಳ ಯಾವುದು ಎಂಬುದನ್ನು ಆಗಲೇ ಓದಿಕೊಳ್ಳಿ. ಕೊಡಗಿನ ಕೆಎ–12 ಫಲಕವಿದೆ ಎಂದ ಮಾತ್ರಕ್ಕೆ ಎಲ್ಲವೂ ಮಡಿಕೇರಿಯಲ್ಲೇ ಮುಗಿಯುತ್ತದೆಂದು ಹೊರಟುಬಿಡಬಾರದು. ಹಳೆಯ ವಾಹನವಾದರೆ ಶುಲ್ಕವನ್ನೂ ಮೊದಲೇ ಲೆಕ್ಕ ಹಾಕಿ: 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 5,000 ಆಯಿತು, ಬೈಕಿಗೆ 300 ಇದ್ದದ್ದು 1,000 ಆಯಿತು, 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ ಅದು ಕಾರಿಗೆ 10,000, ಬೈಕಿಗೆ 2,000 ಎಂದು ಏರಿತು. ತೋಟದ ಶೆಡ್ಡಿನಲ್ಲಿರುವ ಹಳೆಯ ಜೀಪನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬ ಮಾತು ಅನೇಕ ಮನೆಗಳಲ್ಲಿ ಈ ಅಂಕಿಯ ಮುಂದೆಯೇ ತೀರ್ಮಾನವಾಗುತ್ತದೆ.

ಇನ್ನು ಬ್ರೇಕ್. ಮೆಕ್ಯಾನಿಕ್‌ಗಳು ಹೆಚ್ಚು ಹೊತ್ತು ಮಾತನಾಡುವುದೂ, ನಾವು ಹೆಚ್ಚು ಹಣ ಇಡಬೇಕಾದದ್ದೂ ಇಲ್ಲಿಯೇ. ಪರೀಕ್ಷಾ ಕೇಂದ್ರದಲ್ಲಿ ಗಾಲಿಗಳನ್ನು ಎರಡು ರೋಲರುಗಳ ಮೇಲೆ ನಿಲ್ಲಿಸುತ್ತಾರೆ. ರೋಲರುಗಳು ಗಾಲಿಯನ್ನು ತಿರುಗಿಸುತ್ತಿರುವಾಗ ಚಾಲಕ ಬ್ರೇಕ್ ಒತ್ತಬೇಕು. ಆಗ ಪ್ರತಿ ಗಾಲಿ ಎಷ್ಟು ಬಲದಿಂದ ಹಿಡಿಯಿತು ಎಂಬುದು ಪ್ರತ್ಯೇಕವಾಗಿ ದಾಖಲಾಗುತ್ತದೆ. ರಸ್ತೆಯಲ್ಲಿ ವಾಹನ ನಿಂತರೆ ಸಾಕು ಎನ್ನುವ ನಮಗೆ ಎಡಗಾಲಿ ಚೆನ್ನಾಗಿ ಹಿಡಿದು ಬಲಗಾಲಿ ಸಡಿಲವಾಗಿರುವುದು ಗೊತ್ತೇ ಆಗುವುದಿಲ್ಲ, ಸ್ಟೀರಿಂಗನ್ನು ತುಸು ಎಳೆದು ಹಿಡಿದು ಓಡಿಸಲು ಕೈ ಒಗ್ಗಿಹೋಗಿರುತ್ತದೆ. ಆದ್ದರಿಂದ ಗಾಲಿಗಳ ಬ್ರೇಕ್ ಡ್ರಮ್‌ಗಳನ್ನೆಲ್ಲ ಬಿಚ್ಚಿಸಿ. ಡ್ರಮ್ಮನ್ನು ಒತ್ತಿ ಹಿಡಿಯುವ ಲೈನರ್ ಸವೆದಿದ್ದರೆ ಒಂದೇ ಬದಿಗೆ ಹಾಕಿಸದೆ ಆ ಆಕ್ಸಲಿನ, ಅಂದರೆ ಅಚ್ಚಿನ, ಎರಡೂ ಬದಿಗೆ ಹಾಕಿಸಿ. ಆಕ್ಸಲ್ ಆಯಿಲ್ ಸೀಲ್ ಸೋರಿ ಲೈನರ್ ಎಣ್ಣೆ ಕುಡಿದಿದ್ದರೆ ಅದನ್ನು ಉಜ್ಜಿ ಮತ್ತೆ ಕೂರಿಸುವುದರಿಂದ ಪ್ರಯೋಜನವಿಲ್ಲ. ಸೀಲನ್ನೂ ಲೈನರನ್ನೂ ಬದಲಿಸಬೇಕು. ಡ್ರಮ್ಮಿನ ಒಳಮೈ ಗೀರು ಬಿದ್ದು ಅಂಡಾಕಾರವಾಗಿದ್ದರೆ ಲೇತಿಗೆ ಕೊಡಬೇಕು. ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಅಂಟಿಕೊಳ್ಳುವುದು ನಮ್ಮ ಮಳೆಯ ಊರಿನ ಮಾಮೂಲು ರೋಗ, ಕೆಸರಿನ ತೋಟದ ದಾರಿಯಲ್ಲಿ ಓಡುವ ವಾಹನಕ್ಕಂತೂ ತಪ್ಪಿದ್ದಲ್ಲ. ಏರ್ ಬ್ರೇಕಿನ ಲಾರಿ, ಬಸ್ಸುಗಳಲ್ಲಿ ಬ್ರೇಕಿನ ಸಡಿಲವನ್ನು ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಎರಡೂ ಬದಿಗೆ ಸಮವಾಗಿದೆಯೇ ನೋಡಿಸಿ. ಹ್ಯಾಂಡ್ ಬ್ರೇಕ್ ಕೂಡ ಪರೀಕ್ಷೆಯಲ್ಲಿದೆ ಎಂಬುದನ್ನು, ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುವ ಅಭ್ಯಾಸವಿರುವವರು ಮರೆಯಬಾರದು.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಆದ್ದರಿಂದ ಮಟ್ಟ ಕಡಿಮೆಯಾದಾಗ ಸುರಿದುಕೊಂಡು ಹೋಗುವ ಬದಲು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ತೆಗೆದು ಹೊಸದು ಹಾಕಿ, ಪೈಪುಗಳಲ್ಲಿ ಸೇರಿದ ಏರ್ (ಗಾಳಿ) ತೆಗೆಸಬೇಕು.

ಜೀಪುಗಳ ಮಾಲೀಕರಿಗೆ ಒಂದು ಎಚ್ಚರಿಕೆ: ಫೋರ್‌ವೀಲ್ ಹಾಕಿದ ಸ್ಥಿತಿಯಲ್ಲಿ ರೋಲರ್ ಮೇಲೆ ಹತ್ತಿಸಬೇಡಿ. ಒಂದು ಆಕ್ಸಲ್ ಮಾತ್ರ ತಿರುಗುವ ಯಂತ್ರದಲ್ಲಿ ಇನ್ನೊಂದು ಆಕ್ಸಲಿಗೆ ಶಕ್ತಿ ಹರಿದರೆ ವಾಹನ ಜಿಗಿಯಬಹುದು, ಗೇರ್‌ಬಾಕ್ಸಿಗೂ ಪೆಟ್ಟು. ಲಿವರ್ ಟೂವೀಲ್‌ನಲ್ಲಿದೆಯೇ ಎಂದು ನೋಡಿ, ಸದಾ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ವಾಹನವಾದರೆ ಪರೀಕ್ಷಿಸುವವರಿಗೆ ಮೊದಲೇ ತಿಳಿಸಿ.

ಮುಂದಿನದು ವಾಹನದ ಅಡಿಭಾಗ. ಪರೀಕ್ಷಾ ಕೇಂದ್ರದ ಗುಂಡಿಯ ಮೇಲಿರುವ ತಟ್ಟೆಗಳು ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಅಡ್ಡಕ್ಕೂ ಅಲುಗಾಡಿಸುವಾಗ ಕಿಂಗ್ ಪಿನ್, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಈ ಕೀಲುಗಳ ಪ್ಲೇ, ಅಂದರೆ ಸಡಿಲ, ಎಲ್ಲವೂ ಹೊರಗೆ ಬರುತ್ತದೆ. ಸೈಡ್ ಸ್ಲಿಪ್ ತಟ್ಟೆಯ ಮೇಲೆ ನಿಧಾನವಾಗಿ ಹಾದುಹೋಗುವಾಗ ಗಾಲಿ ಎಷ್ಟು ಪಕ್ಕಕ್ಕೆ ತಳ್ಳುತ್ತದೆ ಎಂಬುದರಿಂದ ಅಲೈನ್‌ಮೆಂಟ್ ಗೊತ್ತಾಗುತ್ತದೆ. ಮೊದಲು ಪ್ಲೇ ತೆಗೆಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಹಿಂದುಮುಂದಾದರೆ ದುಡ್ಡು ದಂಡ. ಚಾಸಿಯ ತುಕ್ಕನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು, ಟಾರ್ ಬಳಿದು ಮುಚ್ಚಬಾರದು. ಟೈರಿನ ಕಚ್ಚಿನ ಆಳ ಕಾರು, ಲಾರಿಗಳಿಗೆ 1.6 ಮಿಲಿಮೀಟರಿಗಿಂತ, ಬೈಕು, ಆಟೊಗಳಿಗೆ 0.8 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ನನ್ನ ಮಟ್ಟಿಗೆ ನಮ್ಮ ಜುಲೈ ತಿಂಗಳಿಗೆ ಇದೂ ಸಾಲದು.

ಹೊಗೆಯ ಪರೀಕ್ಷೆಗೆ ಎಂಜಿನ್ ಬಿಸಿಯಾಗಿರಬೇಕು. ದೂರದಿಂದ ಓಡಿಸಿಕೊಂಡು ಬಂದು ಎರಡು ಗಂಟೆ ಸರದಿಯಲ್ಲಿ ನಿಂತ ಡೀಸೆಲ್ ವಾಹನ ತಣ್ಣಗಾಗಿ, ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಕರಿ ಹೊಗೆ ಕಕ್ಕುವುದುಂಟು. ಸರದಿ ಬರುವ ಮುನ್ನ ಸ್ವಲ್ಪ ಹೊತ್ತು ಎಂಜಿನ್ ಓಡಿಸಿಡಿ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿಯೂ ಹೊಗೆ ನಿಲ್ಲದಿದ್ದರೆ ಮಾತ್ರ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿಸಬೇಕು. ಹೆಡ್‌ಲೈಟಿನ ಬೆಳಕು ಬೀಳುವ ಎತ್ತರವನ್ನು ಗಾಳಿ ಸರಿಯಾಗಿ ತುಂಬಿದ ಟೈರುಗಳೊಂದಿಗೆ, ಸಮತಟ್ಟು ನೆಲದಲ್ಲಿ, ಗೋಡೆಯ ಎದುರು ನಿಲ್ಲಿಸಿ ಹೊಂದಿಸಬೇಕು. ಕೊಡಗಿನಲ್ಲಿ ಇದರಲ್ಲಿ ಕಷ್ಟದ ಭಾಗವೆಂದರೆ ಸಮತಟ್ಟು ನೆಲ ಹುಡುಕುವುದು. ಮಂಜಿಗೆಂದು ಹಾಕಿಸಿದ ಹೆಚ್ಚುವರಿ ದೀಪಗಳು, ಕಂಪನಿಯದಲ್ಲದ ಅಗಲದ ಟೈರುಗಳು, ಮುಂದಿನ ಕಬ್ಬಿಣದ ಗಾರ್ಡ್ ಇವನ್ನು ಬಿಚ್ಚಿಟ್ಟು ಹೋಗುವುದೇ ಕ್ಷೇಮ. ಬಾಡಿಗೆ ವಾಹನಗಳಾದರೆ ವೇಗ ನಿಯಂತ್ರಕ, ಸ್ಥಳ ಸೂಚಕ ಸಾಧನ, ಪ್ಯಾನಿಕ್ ಬಟನ್ ಇವು ಕೆಲಸ ಮಾಡುತ್ತಿವೆಯೇ ಎಂದು ಹಿಂದಿನ ದಿನವೇ ನೋಡಿ.

ಇಷ್ಟೆಲ್ಲ ಕೆಲಸ ಮಾಡಿಕೊಡುವ ಮೆಕ್ಯಾನಿಕ್‌ಗಳು ಈ ಬದಲಾವಣೆಯ ಬಗ್ಗೆ ಏನೆನ್ನುತ್ತಾರೆ? ಯಂತ್ರವನ್ನೇ ಬೇಡವೆನ್ನುವವರು ಕಡಿಮೆ. ತಾವು ಬಹಳ ಕಾಲದಿಂದ ಹೇಳುತ್ತಿದ್ದ ಬ್ರೇಕ್ ಕೆಲಸವನ್ನು ಈಗಲಾದರೂ ಮಾಲೀಕರು ಒಪ್ಪುತ್ತಾರೆ, ಪೇಂಟಿಗೆ ಸುರಿಯುತ್ತಿದ್ದ ಹಣ ಲೈನರಿಗೆ ಬರುತ್ತದೆ ಎಂಬುದು ಅವರ ಸಮಾಧಾನ. ತಕರಾರು ಇರುವುದು ದೂರದ ಬಗ್ಗೆ. ಯಂತ್ರವಿರುವ ಕೇಂದ್ರ ಜಿಲ್ಲೆಯ ಹೊರಗಿದ್ದರೆ, ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿಲೋಮೀಟರ್ ಇರುವಾಗ, ಒಂದು ಸಣ್ಣ ದೋಷಕ್ಕೆ ಫೇಲಾದ ಪಿಕಪ್‌ನ ಡೀಸೆಲ್, ಚಾಲಕನ ಬತ್ತೆ, ತಪ್ಪಿದ ಬಾಡಿಗೆ ಎಲ್ಲ ಸೇರಿ ರಿಪೇರಿಗಿಂತ ದುಬಾರಿಯಾಗುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ರೋಲರ್ ಯಂತ್ರವಿಲ್ಲ. ಎಡಬಲದ ಹಿಡಿತವನ್ನು ಜಾಕಿ ಕೊಟ್ಟು, ಗಾಲಿಯನ್ನು ಕೈಯಿಂದ ತಿರುಗಿಸಿ ಅಂದಾಜು ಮಾಡಬೇಕು. ಅಂದಾಜಿನಿಂದ ಸಿದ್ಧಪಡಿಸಿದ್ದನ್ನು ಅಂಕಿಯಿಂದ ಅಳೆಯುತ್ತಾರೆ ಎಂಬುದು ನ್ಯಾಯವಾದ ದೂರೇ.

ಆದ್ದರಿಂದ ಫೇಲಾದರೆ ಗಾಬರಿಯಾಗದೆ ಪರೀಕ್ಷೆಯ ವರದಿಯನ್ನು ಪೂರ್ತಿ ಕೇಳಿ ಪಡೆಯಿರಿ. ಯಾವ ಆಕ್ಸಲ್, ಯಾವ ಬದಿ, ಎಷ್ಟು ಎಂಬುದು ಅದರಲ್ಲಿರುತ್ತದೆ. ಬರೀ ‘ಬ್ರೇಕಿನಲ್ಲಿ ಫೇಲ್’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಮೆಕ್ಯಾನಿಕ್ ನಾಲ್ಕೂ ಗಾಲಿ ಬಿಚ್ಚಬೇಕಾಗುತ್ತದೆ, ಕೂಲಿಯೂ ನಾಲ್ಕು ಪಾಲಾಗುತ್ತದೆ. ಶುಲ್ಕ ಕಟ್ಟಿ ಮರುಪರೀಕ್ಷೆಗೆ ಹೋಗಲು ಅವಕಾಶವಿದೆ; ಅದರ ಗಡುವನ್ನು ಅಲ್ಲೇ ಕೇಳಿಕೊಂಡು ಬನ್ನಿ.

ಯಾವ ಕೇಂದ್ರವೂ ಮಾಡದ ಒಂದು ಪರೀಕ್ಷೆ ಉಳಿಯುತ್ತದೆ. ರೋಲರಿನ ಮೇಲೆ ಬ್ರೇಕ್ ಒತ್ತುವುದು ಕೆಲವು ಕ್ಷಣ ಮಾತ್ರ. ಮಡಿಕೇರಿಯಿಂದ ಸಂಪಾಜೆಗೋ ವಿರಾಜಪೇಟೆಯಿಂದ ಮಾಕುಟ್ಟಕ್ಕೋ ಇಳಿಯುವಾಗ ಅದೇ ಬ್ರೇಕ್ ಕಾದು ಕಾದು ಹಿಡಿತ ಬಿಡುತ್ತದೆ. ಹೊಸ ಲೈನರ್ ಹಾಕಿಸಿದ ಮೇಲೆ ಮೊದಲ ಕೆಲವು ದಿನ ಸಮತಟ್ಟಿನ ರಸ್ತೆಯಲ್ಲಿ ಓಡಿಸಿ ಅದು ಡ್ರಮ್ಮಿಗೆ ಕೂರಲು ಬಿಡಿ. ಆಮೇಲೆ ಖಾಲಿ ವಾಹನದಲ್ಲಿ, ಕೆಳಗಿನ ಗೇರಿನಲ್ಲಿ ಘಾಟಿ ಇಳಿದು, ಕೆಳಗೆ ನಿಲ್ಲಿಸಿ ಪ್ರತಿ ಗಾಲಿಯ ಹತ್ತಿರ ಮುಟ್ಟದೆ ಅಂಗೈ ಹಿಡಿದು ನೋಡಿ. ಒಂದು ಗಾಲಿ ಮಾತ್ರ ಉಳಿದವಕ್ಕಿಂತ ಹೆಚ್ಚು ಕಾಯುತ್ತಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಪರೀಕ್ಷೆಯಲ್ಲಿ ಪಾಸಾಗಿದ್ದರೂ ಅದನ್ನು ಮತ್ತೆ ಬಿಚ್ಚಿಸಿ.