ಜಪಾನಿಗೆ ಇಂಟರ್ನ್ ಆಗಿ ಹೊರಟಿರುವವರಿಗೆ

ನಮ್ಮ ಗೋಣಿಕೊಪ್ಪದ ಕಡೆಯಿಂದ ಇಬ್ಬರು ಹುಡುಗರು ಹೊರಟಿದ್ದಾರೆ ಅಂತ ಕೇಳಿದೆ. ಅಲ್ಲಿ ಒಂದು ವರ್ಷ ಇದ್ದು ಬಂದವನಾಗಿ ಹೇಳುತ್ತಿದ್ದೇನೆ.

3 ತಿಂಗಳಿಗಿಂತ ಜಾಸ್ತಿ ಇರುವವರಿಗೆ ರೆಸಿಡೆನ್ಸ್ ಕಾರ್ಡ್ (ಅಲ್ಲಿ ವಾಸಿಸಲು ಅನುಮತಿ ಇದೆ ಎನ್ನುವ ಗುರುತಿನ ಚೀಟಿ) ಕೊಡುತ್ತಾರೆ. ಅದು ಯಾವಾಗಲೂ ಜೇಬಿನಲ್ಲಿರಬೇಕು, ಅಂಗಡಿಗೆ ಹೋದರೂ ಸರಿ. ಮನೆ ಸಿಕ್ಕ 14 ದಿನದೊಳಗೆ ಊರಿನ ಪಾಲಿಕೆ ಕಚೇರಿಯಲ್ಲಿ ವಿಳಾಸ ಬರೆಸಿ. ಪಾಸ್‌ಪೋರ್ಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಟೆಕ್ನಿಕಲ್ ಇಂಟರ್ನ್‌ಗಳ, ಅಂದರೆ ಕಂಪನಿಯಲ್ಲಿ ದುಡಿಯುತ್ತಾ ಕೆಲಸ ಕಲಿಯಲು ಹೋದವರ, ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೇ ವಿರುದ್ಧ.

ಇನ್ನು ಸಮಯ. ಇಲ್ಲಿ 'ಮಳೆ ಸಾರ್, ಬಸ್ ಬರಲಿಲ್ಲ' ಅಂದರೆ ಮುಗಿಯಿತು, ಅಲ್ವಾ? ಅಲ್ಲಿ ರೈಲು ತಡವಾದರೆ ಸ್ಟೇಷನ್‌ನಲ್ಲಿ ಒಂದು ಸಣ್ಣ ಚೀಟಿ ಕೊಡುತ್ತಾರೆ, ತಡವಾಗಿದ್ದಕ್ಕೆ ಪುರಾವೆ. ನಾನು ಮೊದಲ ಸಲ ಅದನ್ನು ತೆಗೆದುಕೊಳ್ಳದೆ ಸುಮ್ನೆ ಹೋಗಿ ಪೆಚ್ಚಾದೆ. ಚೀಟಿ ಇದ್ದರೂ ಮೊದಲು ಫೋನ್ ಮಾಡಿ ತಿಳಿಸಬೇಕು. ಹತ್ತು ನಿಮಿಷ ಮುಂಚೆ ತಲುಪಿದರೆ ಈ ತಲೆನೋವೇ ಇಲ್ಲ.

'ಹೋರೆನ್ಸೋ' ಅಂತ ಒಂದು ಪದ ಕೇಳುತ್ತೀರಿ. ಪಾಲಕ್ ಸೊಪ್ಪಿಗೂ ಅದೇ ಹೆಸರು! ಕೆಲಸದಲ್ಲಿ ಅದರ ಅರ್ಥ: ವರದಿ ಮಾಡು, ತಿಳಿಸು, ಸಲಹೆ ಕೇಳು. ಕೆಲಸ ಅರ್ಧ ಆಗಿದ್ದರೂ ಹೇಳಬೇಕು, ತಪ್ಪಾಗಿದ್ದರೆ ಇನ್ನೂ ಬೇಗ. ನಾವು ಮುಗಿಸಿ ತೋರಿಸೋಣ ಅಂತ ಕಾಯುತ್ತೇವೆ ನೋಡಿ, ಅದೇ ಅಲ್ಲಿ ದೊಡ್ಡ ತಪ್ಪು.

ಕೆಲಸ ಮುಗಿಸಿ ಹೊರಡುವಾಗ 'ಒತ್ಸುಕಾರೆಸಮಾ ದೆಸು' ಅನ್ನಿ, 'ದುಡಿದಿದ್ದಕ್ಕೆ ಥ್ಯಾಂಕ್ಸ್' ಅಂದ ಹಾಗೆ. ಮತ್ತೆ, ತೂತಿಲ್ಲದ ಸಾಕ್ಸ್ ತಗೊಂಡು ಹೋಗಿ, ಶೂ ಬಿಚ್ಚುವ ಜಾಗ ಜಾಸ್ತಿ.