ದೇಶವೊಂದು ಗಂಟೆ ಬದಲಿಸಿದರೆ ನಿಮ್ಮ ಸರ್ವರ್‌ನಲ್ಲಿ ಏನೇನು ನೋಡಬೇಕು

2024ರ ಮಾರ್ಚ್ 1, ಶುಕ್ರವಾರ. ಬೆಳಿಗ್ಗೆ 8:45ಕ್ಕೆ ಜಯನಗರದ ಮನೆಯಲ್ಲಿ ಮಗಳಿಗೆ ಡಬ್ಬಿ ಕಟ್ಟುತ್ತಿದ್ದೆ, ಫೋನ್ ಬಂತು. ಕಝಾಕಿಸ್ತಾನದ ಅಲ್ಮಾಟಿಯಲ್ಲಿ ಒಂದು ಹಲ್ಲಿನ ಕ್ಲಿನಿಕ್ ಇದೆ. ಅವರ ಬುಕಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಮ್ಮ ಟೀಮು. ಅಲ್ಲಿ ಬಾಗಿಲು ತೆಗೆಯುವುದು 9ಕ್ಕೆ. ನಮ್ಮ ಮೆಸೇಜ್ ನಂಬಿದವರು 8ಕ್ಕೇ ಬಂದು ಚಳಿಯಲ್ಲಿ ಹೊರಗೆ ನಿಂತಿದ್ದರು. ಒಬ್ಬ ತಾಯಿ ಹಲ್ಲುನೋವಿನ ಮಗುವನ್ನು ಎತ್ತಿಕೊಂಡು ಬಂದಿದ್ದರಂತೆ. ಕೇಳಿ ತುಂಬಾ ಸಂಕಟವಾಯಿತು. ನಿಮ್ಮ ಕೈಯಲ್ಲಿ ಹೀಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿ, ನಮ್ಮ 11:30ಕ್ಕೆ, ಅಲ್ಮಾಟಿಯ ಗಡಿಯಾರ 1 ಗಂಟೆ ಹಿಂದಕ್ಕೆ ಹೋಗಿತ್ತು. ಇಡೀ ಕಝಾಕಿಸ್ತಾನಕ್ಕೆ ಒಂದೇ ಸಮಯ ಅಂತ ಸರ್ಕಾರ ತೀರ್ಮಾನಿಸಿತ್ತು. ಯುಟಿಸಿಗಿಂತ, ಅಂದರೆ ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಂಡಿರುವ ಮೂಲ ಸಮಯಕ್ಕಿಂತ, 6 ಗಂಟೆ ಮುಂದಿದ್ದ ಊರು 5 ಗಂಟೆಗೆ ಬಂತು. ನಮಗಿಂತ ಅರ್ಧ ಗಂಟೆ ಮುಂದಿದ್ದವರು ಬೆಳಗಾಗುವಷ್ಟರಲ್ಲಿ ಅರ್ಧ ಗಂಟೆ ಹಿಂದಾದರು. ನಮ್ಮ ದೇಶದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ 1 ಗಂಟೆ ಮುಂದಿಟ್ಟಿದ್ದರು, 1945ರಲ್ಲಿ ತೆಗೆದರು. ಈಚಿನ ದಶಕಗಳಲ್ಲಂತೂ ಬದಲಾಗಿಲ್ಲ. ಹಾಗಾಗಿ ಇಲ್ಲಿ ಕೆಲಸ ಮಾಡುವವರಿಗೆ ಈ ವಿಷಯ ತಲೆಗೇ ಬರುವುದಿಲ್ಲ.

ಮೊದಲ ಮಾತು: ಗಡಿಯಾರ ಮುಟ್ಟಬೇಡಿ. ಸರ್ವರ್ ಒಳಗೊಳಗೆ ಎಣಿಸುವುದು ಯುಟಿಸಿಯಲ್ಲಿ, ಅದು ಸರಿಯಾಗಿಯೇ ಇರುತ್ತದೆ. ಬದಲಾಗಿರುವುದು ಅದನ್ನು ಊರಿನ ಸಮಯಕ್ಕೆ ತಿರುಗಿಸುವ ನಿಯಮ ಮಾತ್ರ. ಪಕ್ಕದ ಯಾವುದೋ ದೇಶದ ಟೈಮ್‌ಝೋನ್ ಆರಿಸಿ ಲೆಕ್ಕ ಸರಿ ಮಾಡುವುದೂ ಬೇಡ. ಇವತ್ತಿನ ಗಂಟೆ ಸರಿ ಕಾಣುತ್ತದೆ, ಹಳೆಯ ದಾಖಲೆಗಳೆಲ್ಲ 1 ಗಂಟೆ ಜರುಗುತ್ತವೆ.

ಈ ನಿಯಮಗಳೆಲ್ಲ ಇರುವುದು ಟಿಝೆಡ್ (ಟೈಮ್‌ಝೋನ್) ಡೇಟಾಬೇಸ್‌ನಲ್ಲಿ. ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ್ದು, ಈಗ ಪಾಲ್ ಎಗ್ಗರ್ಟ್ ನೋಡಿಕೊಳ್ಳುತ್ತಿದ್ದಾರೆ. ಕಝಾಕಿಸ್ತಾನದ ಬದಲಾವಣೆ 2024ಎ ಆವೃತ್ತಿಯಲ್ಲಿ ಬಂತು, ಫೆಬ್ರವರಿ 1ಕ್ಕೆ. ಅಂದರೆ ನಮಗೆ ಸುಮಾರು 1 ತಿಂಗಳು ಸಿಕ್ಕಿತ್ತು. ಎಲ್ಲ ಸಲ ಇಷ್ಟು ಸಿಗಲ್ಲ. 2023ರ ಮಾರ್ಚ್‌ನಲ್ಲಿ ಲೆಬನಾನ್, ಬೇಸಿಗೆಗೆ ಗಡಿಯಾರ 1 ಗಂಟೆ ಮುಂದಿಡುವ ತಾರೀಖನ್ನು ಬರೀ 3 ದಿನ ಮೊದಲು ಮುಂದೂಡಿತು. ಅದಕ್ಕೆ 2023ಬಿ ಆವೃತ್ತಿ ಬಂತು. ಸರ್ಕಾರ ಮತ್ತೆ ಮನಸ್ಸು ಬದಲಿಸಿತು, ಒಂದು ವಾರದೊಳಗೇ 2023ಸಿ ಬಂತು.

ಲಿನಕ್ಸ್‌ನಲ್ಲಿ ಟಿಝೆಡ್‌ಡೇಟಾ ಪ್ಯಾಕೇಜ್ ಅಪ್‌ಡೇಟ್ ಮಾಡಿ. ವಿಂಡೋಸ್‌ಗೆ ವಿಂಡೋಸ್ ಅಪ್‌ಡೇಟ್‌ನಲ್ಲೇ ಬರುತ್ತದೆ. ಓಡುತ್ತಿರುವ ಪ್ರೋಗ್ರಾಂಗಳು ಹಳೆಯ ನಿಯಮವನ್ನೇ ನೆನಪಿಟ್ಟುಕೊಂಡಿರಬಹುದು, ಅವನ್ನು ರೀಸ್ಟಾರ್ಟ್ ಮಾಡಿ.

ಇಷ್ಟು ಮಾಡಿ ನಾವು ನಿಲ್ಲಿಸಿದ್ದೆವು. ಅದೇ ತಪ್ಪಾಗಿದ್ದು. ಒಂದೇ ಮಷೀನ್‌ನಲ್ಲಿ ಈ ನಿಯಮ ನಾಲ್ಕೈದು ಕಡೆ ಕೂತಿರುತ್ತದೆ. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಒಂದಾದ ಜಾವಾ ತನ್ನದೇ ಪ್ರತಿ ಇಟ್ಟುಕೊಳ್ಳುತ್ತದೆ. ಹೊಸ ಜಾವಾ ಹಾಕಬೇಕು, ಇಲ್ಲವೇ ಒರಾಕಲ್‌ನ ಟಿಝೆಡ್‌ಅಪ್‌ಡೇಟರ್ ಓಡಿಸಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಟೈಮ್‌ಝೋನ್ ಟೇಬಲ್ ತುಂಬಿಸಿದ್ದರೆ ಅದನ್ನು ಮತ್ತೆ ತುಂಬಿಸಬೇಕು. ಡಾಕರ್ ಕಂಟೇನರ್ ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿದ ಪೆಟ್ಟಿಗೆ. ಅದಕ್ಕೆ ಹೊರಗಿನ ಮಷೀನ್‌ನ ಅಪ್‌ಡೇಟ್ ತಲುಪಲ್ಲ, ಅದರ ಅಚ್ಚಾದ ಇಮೇಜ್ ಹೊಸದಾಗಿ ಕಟ್ಟಬೇಕು.

ಆವತ್ತು ಆಫೀಸಿಗೆ ಹೋದಾಗ ನಮ್ಮ ಹುಡುಗ ಎರಡು ಸ್ಕ್ರೀನ್ ತೋರಿಸಿದ. "ಮೇಡಂ, ಸರ್ವರ್ ಅಪ್‌ಡೇಟ್ ಆಗಿದೆ. ಆದ್ರೆ ಪೇಷಂಟ್‌ಗೆ 8 ಅಂತ ಹೋಗಿದೆ, ಡಾಕ್ಟರ್ ಪಟ್ಟಿಯಲ್ಲಿ 9 ಅಂತ ಇದೆ."

"ಪಟ್ಟಿ ತೆಗೆಯೋದು ಜಾವಾ ಅಲ್ವೇನಪ್ಪಾ?" ಅಂದೆ.

ಅದೇ ಆಗಿತ್ತು. ಬುಕಿಂಗ್ ಜನವರಿಯದು. ಆಗ ಅಲ್ಮಾಟಿಯ 9 ಗಂಟೆಯನ್ನು ಯುಟಿಸಿ 3 ಅಂತ ತಿರುಗಿಸಿ ಇಟ್ಟಿದ್ದೆವು. ಮೆಸೇಜ್ ಕಳಿಸುವ ಪೈಥಾನ್ ಪ್ರೋಗ್ರಾಂ ಹೊಸ ನಿಯಮ ಓದಿ 3ಕ್ಕೆ 5 ಸೇರಿಸಿ 8 ಅಂದಿತು. ಜಾವಾ ಹಳೆಯದನ್ನೇ ಓದಿ 6 ಸೇರಿಸಿ 9 ಅಂದಿತು. ನೋಡಲು ಜಾವಾನೇ ಸರಿ ಅನಿಸುತ್ತದೆ. ಆದರೆ ಅಪ್‌ಡೇಟ್ ಆದಮೇಲೆ ಮಾಡಿದ ಬುಕಿಂಗ್‌ಗಳನ್ನು ಅದು 10 ಗಂಟೆ ಅಂತ ತೋರಿಸುತ್ತಿತ್ತು.

ಇದಕ್ಕೆ ನಾನೀಗ ಮಾಡುವುದು ಇಷ್ಟೇ. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಮಾರ್ಚ್ 1ರ ಮಧ್ಯಾಹ್ನ 12ಕ್ಕೆ ಅಲ್ಮಾಟಿ ಯುಟಿಸಿಗಿಂತ ಎಷ್ಟು ಮುಂದೆ? ಲಿನಕ್ಸ್, ಪೈಥಾನ್, ಜಾವಾ, ಡೇಟಾಬೇಸ್, ಒಂದೊಂದು ಕಂಟೇನರ್, ಎಲ್ಲರೂ 5 ಅನ್ನಬೇಕು. 6 ಅಂದವರು ಅಪ್‌ಡೇಟ್ ಆಗಿಲ್ಲ. ಫೆಬ್ರವರಿ 1ರ ತಾರೀಖಿಗೆ ಎಲ್ಲರೂ 6 ಅನ್ನಬೇಕು, ಅದನ್ನೂ ಕೇಳಿ. ಬದಲಾವಣೆಯ ದಿನಕ್ಕೆ ಕಾಯಬೇಕಿಲ್ಲ, ಮುಂಚೆಯೇ ಕೇಳಬಹುದು. ಹಾಗೆಯೇ ಆ ರಾತ್ರಿ 11ರಿಂದ 12ರ ಗಂಟೆ ಅಲ್ಲಿ ಎರಡು ಸಲ ಬಂತು. ಆ ಹೊತ್ತಿಗೆ ಇಟ್ಟಿರುವ ಕೆಲಸಗಳಿದ್ದರೆ ಬೇರೆ ಸಮಯಕ್ಕೆ ಹಾಕಿ.

ಹಳೆಯ ಬುಕಿಂಗ್ ಸರಿಮಾಡುವುದೇ ನಿಧಾನದ ಕೆಲಸ. ಮೊದಲು ಬ್ಯಾಕಪ್ ತೆಗೆಯಿರಿ. ಎರಡು ಷರತ್ತು ಕೂಡಿದ ಸಾಲುಗಳನ್ನು ಮಾತ್ರ ಮುಟ್ಟಿ: ಅಪಾಯಿಂಟ್‌ಮೆಂಟ್ ಬದಲಾವಣೆಯ ನಂತರದ್ದಾಗಿರಬೇಕು, ಬುಕ್ ಆಗಿದ್ದು ನಿಮ್ಮ ಸರ್ವರ್ ಅಪ್‌ಡೇಟ್ ಆಗುವ ಮೊದಲು. ಇಲ್ಲಿ ಮಾರ್ಚ್ 1 ಅಂತ ಗೆರೆ ಎಳೆದರೆ ಕೆಟ್ಟಿತು. ನಮ್ಮ ಸರ್ವರ್ ಫೆಬ್ರವರಿಯಲ್ಲೇ ಅಪ್‌ಡೇಟ್ ಆಗಿತ್ತು, ಆಮೇಲಿನ ಬುಕಿಂಗ್‌ಗಳು ಸರಿಯಾಗಿಯೇ ಇದ್ದವು. ಆಯ್ದ ಸಾಲುಗಳನ್ನು ಹಳೆಯ ನಿಯಮದಲ್ಲಿ ಓದಿ, ಹೊಸ ನಿಯಮದಲ್ಲಿ ಬರೆಯಿರಿ. ಸರಿಮಾಡಿದ ಸಾಲಿಗೆ ಒಂದು ಗುರುತು ಹಾಕಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಎರಡನೇ ಸಲ ಓಡಿದಾಗ ಇನ್ನೊಂದು ಗಂಟೆ ಜರುಗುತ್ತದೆ.

ಮುಂದಿನ ಬುಕಿಂಗ್‌ಗಳಿಗೆ ಈಗ ನಾವು ಊರಿನ ಸಮಯ ಮತ್ತು ಝೋನ್ ಹೆಸರು ಎರಡನ್ನೂ ಇಡುತ್ತೇವೆ. "ಅಲ್ಮಾಟಿ, ಬೆಳಿಗ್ಗೆ 9" ಅಂತಲೇ. ಯುಟಿಸಿ ಬೇಕಾದಾಗ ಲೆಕ್ಕ ಹಾಕಿಕೊಳ್ಳುತ್ತೇವೆ. ಆಗಿಹೋದ ಘಟನೆಗೆ ಯುಟಿಸಿ ಸಾಕು. ಬರಲಿರುವ ಅಪಾಯಿಂಟ್‌ಮೆಂಟ್‌ಗೆ ಸಾಲದು, ಯಾಕೆಂದರೆ ಆ ತಾಯಿ ಒಪ್ಪಿಕೊಂಡಿದ್ದು ಗೋಡೆ ಗಡಿಯಾರದ 9 ಗಂಟೆಗೆ.

ಆಗಲೇ ಹೋಗಿಬಿಟ್ಟ ಮೆಸೇಜ್‌ಗಳನ್ನು ಮಾತ್ರ ಸ್ಕ್ರಿಪ್ಟ್ ವಾಪಸ್ ತರಲ್ಲ. ಆ ಪಟ್ಟಿ ತೆಗೆದು ಕ್ಲಿನಿಕ್‌ಗೆ ಕಳಿಸಿದೆವು. ಅವರು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಶನಿವಾರ ಬಾಗಿಲನ್ನು 8ಕ್ಕೇ ತೆಗೆದರು.